ವರ್ಧಕಗಳ ನಾದಭೇದ

ಧ್ವನಿಮುದ್ರಿಕೆಯಿಂದ ದೊರೆಯುವ ವಿದ್ಯುತ್ ಸಂಕೇತವು ಅತ್ಯಂತ ಕ್ಷೀಣವಾದುದು. ಸ್ಪೀಕರನ್ನು ನುಡಿಸಲು ಸಾಲುವಷ್ಟು ಅದನ್ನು ಪ್ರಬಲಗೊಳಿಸುವ ಸಾಧನವೇ ವರ್ಧಕ ಅಥವಾ ಆಂಪ್ಲಿಫೈಯರ್. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ರೂಪಿಸಿದ ವಾಲ್ವು ಇದಕ್ಕೆ ದಾರಿ ತೆರೆಯಿತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಜನ್ಮ ತಾಳಿತು.

ಇವುಗಳ ನಾದದಲ್ಲಿ ಭೇದವುಂಟೆ? ತಮ್ಮ ಮಿತಿಯೊಳಗೆ ದುಡಿಯುವಾಗ ಉತ್ತಮ ವರ್ಧಕಗಳ ಭೇದವು ಅತ್ಯಲ್ಪ. ಮಿತಿ ಮೀರಿದಾಗಲೇ ಅವುಗಳ ಸ್ವಭಾವ ಬಯಲಾಗುತ್ತದೆ. ವಾಲ್ವು ಸಾಮಾನ್ಯವಾಗಿ ತರಂಗದ ಶಿಖರವನ್ನು ಮೆಲ್ಲನೆ ದುಂಡಗಾಗಿಸುತ್ತದೆ. ಟ್ರಾನ್ಸಿಸ್ಟರ್ ಅದನ್ನು ಕತ್ತರಿಸಿದಂತೆ ಚಪ್ಪಟೆಯಾಗಿಸುತ್ತದೆ. ಆದುದರಿಂದ ಮೊದಲನೆಯ ವಿಕೃತಿ ಕಿವಿಗೆ ಮೃದು, ಎರಡನೆಯದು ಕರ್ಕಶ. ‘ಡಿ’ ವರ್ಗದ ವರ್ಧಕವಾದರೋ ಟ್ರಾನ್ಸಿಸ್ಟರನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ತೆರೆದು ಮುಚ್ಚುತ್ತದೆ. ಹೀಗಾಗಿ ಶಾಖರೂಪದ ನಷ್ಟ ತಗ್ಗಿ, ಶೇಕಡಾ 90ರಷ್ಟು ಶಕ್ತಿಯು ಸ್ಪೀಕರನ್ನು ಸೇರಬಲ್ಲದು.

ಇವನ್ನು ಹೋಲಿಸುವಾಗ ಎಚ್ಚರ ಅಗತ್ಯ. ತುಸು ಗಟ್ಟಿಯಾಗಿ ನುಡಿದುದೇ ಇಂಪೆಂದು ಕಿವಿ ಭ್ರಮಿಸುತ್ತದೆ. ಬೆಲೆ, ಹೆಸರುಗಳು ಮನಸ್ಸನ್ನು ಸೆಳೆಯುತ್ತವೆ. ಆದುದರಿಂದ ಧ್ವನಿಮಟ್ಟಗಳನ್ನು ಮಾಪಕದಿಂದ ಸಮಗೊಳಿಸಿ, ಯಾವ ವರ್ಧಕ ನುಡಿಯುತ್ತಿದೆಯೆಂಬುದನ್ನು ಕೇಳುಗನಿಗೆ ತಿಳಿಸದೆ, ಹಲವು ಸಲ ಪರೀಕ್ಷಿಸಬೇಕು. ಹಾಗೆ ಆಲಿಸಿಯೂ ಗುರುತಿಸಲಾಗದ ಭೇದಕ್ಕೆ ಹೆಚ್ಚು ಹಣ ತೆರುವುದು ವಿವೇಕವಲ್ಲ.