ಇಳಿವಯಸ್ಸಿಗೆ ಉತ್ಸಾಹವೇ ರಸಾಯನ

ಸೊಲ್ಲಾಪುರ ರಸ್ತೆಯ ಆಸುಪಾಸಿನಿಂದ ಚಿಕಿತ್ಸೆಗೆ ಬರುವ, ಅರವತ್ತು ದಾಟಿದ ಹಿರಿಯರಲ್ಲಿ ಅನೇಕರು ‘ಇನ್ನೇನ್ ಉಳದೈತ್ರಿ?’ ಎನ್ನುವುದನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಮೊಣಕಾಲು ನೋವಿಗಿಂತ ಈ ಮಾತೇ ನಮಗೆ ಹೆಚ್ಚು ಚಿಂತೆಯನ್ನುಂಟುಮಾಡುತ್ತದೆ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಮುಖ್ಯವೆಂದು ಚರಕಾಚಾರ್ಯರು ಎಣಿಸಿದ್ದಾರೆ. ಮುಪ್ಪಿನಲ್ಲಿ ಸಹಜವಾಗಿ ಹೆಚ್ಚುವ ವಾತವು ಚಿಂತೆಯಿಂದ ಮತ್ತಷ್ಟು ಕೆರಳಿ ಹಸಿವು, ನಿದ್ರೆಗಳನ್ನು ಕೆಡಿಸುತ್ತದೆ. ಇದರಿಂದ ಬಲ ಕುಂದುತ್ತದೆ, ನಿರಾಶೆ ಬೆಳೆಯುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ವಿಜಯಪುರದಲ್ಲಿಯೇ ಇದೆ. ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು (1880–1964) ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ್ದು 1926ರಲ್ಲಿ, ನಲವತ್ತೈದು ದಾಟಿದ ಮೇಲೆ. ಬಡತನ ಕಾಡಿದರೂ ವೃದ್ಧಾಪ್ಯದಲ್ಲಿಯೂ ಅವರು ವಚನಗಳ ಕಾಯಕವನ್ನು ಬಿಡಲಿಲ್ಲ.

ನಮ್ಮ ಕನಸು ಅಷ್ಟು ದೊಡ್ಡದಿರಬೇಕಿಲ್ಲ. ಮುಂಜಾನೆ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಬಿಸಿಯಾದ ಮೃದು ಆಹಾರ, ಸಂಜೆಯ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ರೆ. ಇವುಗಳೊಡನೆ ದಿನಕ್ಕೊಂದು ತಾಸು ಮನಮೆಚ್ಚಿದ ಕೆಲಸವಿರಲಿ. ಸಂಸಾರದ ಹೊರೆಯಲ್ಲಿ ಕೈಬಿಟ್ಟ ತಬಲಾ ಆಗಲಿ, ಮೊಮ್ಮಕ್ಕಳಿಗೆ ವಚನ ಕಲಿಸುವುದಾಗಲಿ, ಸಾಕು. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ ಅದನ್ನು ವಯೋಸಹಜವೆಂದು ಸಹಿಸದೆ ವೈದ್ಯರನ್ನು ಕಾಣಬೇಕು. ಅದು ಚಿಕಿತ್ಸೆಯುಳ್ಳ ವ್ಯಾಧಿ.