ಹಸುಗೂಸಿನ ಆಸ್ಪತ್ರೆಯೂ ಬೇಸಗೆಯ ಕಾವೂ
(ಬಾನುಲಿ ಭಾಷಣ)

ಏಪ್ರಿಲ್ ತಿಂಗಳ ನಡುಹಗಲು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ಕಡೆಯಿಂದ ತಾಯಿಯೊಬ್ಬಳು ಮೈ ಸುಡುತ್ತಿರುವ ಹಸುಗೂಸನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಟಳೆನ್ನಿ. ಕೂಸಿನ ತಲೆಗೆ ಕುಲಾವಿ, ಮೈಗೆ ಎರಡು ಸುತ್ತು ಬಟ್ಟೆ. ಬಾಣಂತಿಗೂ ಮಗುವಿಗೂ ಗಾಳಿ ಸೋಕಬಾರದೆಂಬುದು ಹಿರಿಯರ ಎಚ್ಚರಿಕೆ. ಚಳಿಗಾಲಕ್ಕೆ ಒಪ್ಪುವ ಆ ಮಾತು ಕಡುಬೇಸಗೆಯಲ್ಲಿ ಅಪಾಯಕ್ಕೆ ಎಡೆಗೊಡಬಲ್ಲದು. ಆಸ್ಪತ್ರೆ ಸೇರಿದ ಮೇಲಾದರೂ ಕೂಸಿಗೆ ತಂಪು ದೊರೆತೀತೆ? ನಾವು ವಿಚಾರಮಾಡಬೇಕಾದುದು ಇದನ್ನೇ.

ಶಿಶುವೆಂದರೆ ಕಿರಿದಾದ ದೊಡ್ಡ ಮನುಷ್ಯನಲ್ಲ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ಹೆಚ್ಚು. ಸುತ್ತಲಿನ ಕಾವು ಬೇಗನೆ ಮೈಗೇರುತ್ತದೆ. ಬೆವರುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಬಾಯಾರಿತೆಂದು ಅದು ಹೇಳಲಾರದು. ಹೊದಿಕೆಯನ್ನು ಸರಿಸಲೂ ಆರದು. ಹೀಗೆ ಏರಿದ ಬಿಸಿ ಸೋಂಕಿನ ಜ್ವರದಂತೆಯೇ ತೋರುವುದುಂಟು.

ಈ ವಿಷಯದಲ್ಲಿ ಅಹಮದಾಬಾದಿನ ಅನುಭವ ನಮಗೊಂದು ಪಾಠ. 2010ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಅಲ್ಲಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡು ಮೇಲಂತಸ್ತಿನಲ್ಲಿತ್ತು. ಆಗತಾನೆ ಹುಟ್ಟಿದ ಶಿಶುಗಳು ಕಾವಿನಿಂದ ಬಳಲಿ ತೀವ್ರ ನಿಗಾ ಘಟಕವನ್ನು ಸೇರತೊಡಗಿದಾಗ ವಾರ್ಡನ್ನೇ ಕೆಳಕ್ಕೆ ಇಳಿಸಿದರು. ಬಳಿಕ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಕಂಡದ್ದು ಎರಡು ಸಂಗತಿ: 42 ಡಿಗ್ರಿ ಮೀರಿದ ಮೇಲೆ ಒಂದೊಂದು ಡಿಗ್ರಿಗೂ ಇಂಥ ಶಿಶುಗಳ ದಾಖಲೆ ಶೇಕಡ 43ರಷ್ಟು ಏರಿತ್ತು, ವಾರ್ಡು ಕೆಳಗಿಳಿದ ಮೇಲೆ ಆ ಸಂಭವ ಸುಮಾರು ಮೂರನೆಯ ಒಂದಂಶಕ್ಕೆ ತಗ್ಗಿತ್ತು. 2013ರಲ್ಲಿ ಆ ನಗರ ಬಿಸಿಗಾಳಿಯನ್ನೆದುರಿಸಲು ಯೋಜನೆಯೊಂದನ್ನೇ ರೂಪಿಸಿತು.

ಇದರ ಗುಟ್ಟು ತಾರಸಿಯಲ್ಲಿದೆ. ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಕುಡಿದು, ಹೊತ್ತು ಮುಳುಗಿದ ಮೇಲೂ ಕೆಳಗಿನ ಕೋಣೆಗೆ ಕಾವನ್ನು ಸುರಿಸುತ್ತಿರುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ಮತ್ತೆ ಬೀಸುತ್ತದೆ. ತಾರಸಿಗೆ ಬಿಳಿಯ ಲೇಪ, ಪಶ್ಚಿಮದ ಕಿಟಕಿಗೆ ನೆರಳು, ಅಂಗಳದಲ್ಲಿ ಹೊಂಗೆ ಬೇವು: ಇವು ವಿದ್ಯುತ್ತು ಹೋದರೂ ಕೆಲಸಮಾಡುತ್ತವೆ. ಶೈತ್ಯಯಂತ್ರ ಬೇಡವೆಂದಲ್ಲ, ಅದೊಂದನ್ನೇ ನಂಬಿದರೆ ವಿದ್ಯುತ್ತು ಕೈಕೊಟ್ಟ ಗಳಿಗೆಯಲ್ಲಿ ಕೂಸಿಗೆ ಯಾರು ದಿಕ್ಕು?

ನಮ್ಮ ಸೀಮೆ ಅಹಮದಾಬಾದಿನಷ್ಟು ಸುಡುವುದಿಲ್ಲ, ನಿಜ. ಆದರೆ ತಂಪಿಗೆ ಹೆಸರಾದ ಬೆಂಗಳೂರಿನಲ್ಲೇ 2016ರ ಏಪ್ರಿಲ್ ತಿಂಗಳಲ್ಲಿ 39.2 ಡಿಗ್ರಿ ದಾಖಲಾಯಿತು. ಹೊರಗಿನ ಲೆಕ್ಕಕ್ಕಿಂತ ತಾರಸಿಯ ಕೆಳಗಿನ ಲೆಕ್ಕವೇ ಕೂಸಿನ ಪಾಲಿಗೆ ಮುಖ್ಯ. ಅದನ್ನು ಅಳೆಯುವುದು ಕಷ್ಟವಲ್ಲ. ವಾರ್ಡಿಗೊಂದು ಉಷ್ಣಮಾಪಕ ತೂಗುಹಾಕಿ, ದಿನಕ್ಕೆ ಮೂರು ಬಾರಿ ನೋಡಿ ಬರೆದು, ಅದರ ಪಕ್ಕದಲ್ಲೇ ಶಿಶುಗಳ ಮೈಬಿಸಿಯನ್ನೂ ಗುರುತಿಸಿದರೆ ಒಂದು ಬೇಸಗೆಯೊಳಗೆ ಯಾವ ಕೋಣೆ ಕೂಸಿಗೆ ತಕ್ಕುದಲ್ಲವೆಂಬುದು ತಿಳಿದುಬರುತ್ತದೆ. ಸಂಶೋಧನೆಗೆ ಇದೇ ಮೊದಲ ಮೆಟ್ಟಿಲು.

ತಾಯಂದಿರಿಗೂ ಒಂದು ಮಾತು. ಸೆಖೆಯಲ್ಲಿ ಕುಲಾವಿ ತೆಗೆಯಿರಿ, ಹೊದಿಕೆ ಸಡಿಲಿಸಿ, ಅಡಿಗಡಿಗೆ ಎದೆಹಾಲು ಕೊಡಿ; ಆರು ತಿಂಗಳು ತುಂಬದ ಕೂಸಿಗೆ ಬೇರೆ ನೀರು ಬೇಡ. ಮೈ ಸುಡುತ್ತಿದ್ದರೆ ಸೆಖೆಯೆಂದು ಕಡೆಗಣಿಸದೆ ವೈದ್ಯರಿಗೆ ತೋರಿಸಿ. ಹಾಗೆ ನಂಬಿ ಬಂದವಳ ಕೂಸನ್ನು ನೆರಳಿನಲ್ಲಿ ಮಲಗಿಸುವ ಹೊಣೆ ಆಸ್ಪತ್ರೆ ಕಟ್ಟುವ ನಮ್ಮೆಲ್ಲರದು.