ಹೋಗಿ ಬರುವ ಮಾತು

ಮನೆಯಿಂದ ಹೊರಡುವವರು "ಹೋಗುತ್ತೇನೆ" ಎನ್ನಬಾರದು, "ಹೋಗಿ ಬರುತ್ತೇನೆ" ಎನ್ನಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಊರು ಬಿಟ್ಟು ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮಗೆ ಈ ಮಾತಿನ ತೂಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯವರು, ಅಂದರೆ ನಾವೆಲ್ಲ ಇಸ್ರೋ ಎಂದು ಕರೆಯುವವರು, ಗಗನಯಾನಕ್ಕಾಗಿ ಮಾಡುತ್ತಿರುವ ಕೆಲಸವನ್ನು ನೋಡಿದರೆ ಅದರಲ್ಲಿ ಬಹುಪಾಲು ಈ "ಬರುತ್ತೇನೆ" ಎಂಬ ಒಂದು ಪದದ ಸುತ್ತಲೇ ನಡೆದಿದೆ. ಉಪಗ್ರಹವನ್ನು ಕಳಿಸಿದರೆ ಅದು ಹೋದರೆ ಸಾಕು. ಮನುಷ್ಯನನ್ನು ಕಳಿಸಿದರೆ ಅವನು ಬರಬೇಕು.

ಪುಣೆಯಲ್ಲಿ ನಾವು ನಾಲ್ಕು ಜನ ಕನ್ನಡಿಗರು ಸೇರಿದಾಗ ಒಂದು ಪ್ರಶ್ನೆ ಬರುವುದುಂಟು. ಚಂದ್ರನ ಮೇಲೆ ನೌಕೆಯನ್ನು ಇಳಿಸಿದವರಿಗೆ, ಮಂಗಳನವರೆಗೆ ಯಂತ್ರವನ್ನು ಕಳಿಸಿದವರಿಗೆ, ಮೂವರು ಮನುಷ್ಯರನ್ನು ೪೦೦ ಕಿಲೋಮೀಟರು ಎತ್ತರಕ್ಕೆ ಒಯ್ಯಲು ಇಷ್ಟು ವರ್ಷ ಬೇಕೆ? ೪೦೦ ಕಿಲೋಮೀಟರು ಎಂದರೆ ಹೆಚ್ಚು ಕಡಮೆ ಪುಣೆಯಿಂದ ಹುಬ್ಬಳ್ಳಿಗೆ ಇರುವಷ್ಟು ದೂರ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಮುಟ್ಟುತ್ತೇವೆ. ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಕೂತವನು ನಾನು. ವಿಳಂಬವೆಂದರೆ ಏನೆಂಬುದನ್ನು ನನಗೆ ಕಲಿಸಬೇಕಾಗಿಲ್ಲ. ಆದರೆ ಇಲ್ಲಿಯ ವಿಳಂಬ ಬೇರೆ ಜಾತಿಯದು ಎಂದು ನನ್ನ ನಂಬಿಕೆ.

ಮೊದಲಿನ ಕಥೆ ವಾಚಕರಿಗೆ ಗೊತ್ತಿರುವುದೇ. ೧೯೬೩ನೆಯ ನವೆಂಬರ್ ೨೧ರಂದು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಮೊದಲ ರಾಕೆಟ್ಟು ಹಾರಿತು. ಅದು ಅಮೆರಿಕದಿಂದ ಬಂದದ್ದು. ಅಲ್ಲಿಯ ಮೇರಿ ಮ್ಯಾಗ್ಡಲೀನಳ ಇಗರ್ಜಿಯೇ ವಿಜ್ಞಾನಿಗಳ ಕಚೇರಿ. ೧೯೬೯ನೆಯ ಆಗಸ್ಟ್ ೧೫ರಂದು ವಿಕ್ರಮ ಸಾರಾಭಾಯಿಯವರು ಇಸ್ರೋ ಸಂಸ್ಥೆಯನ್ನು ಕಟ್ಟಿದರು. ಎರಡೇ ವರ್ಷಗಳಲ್ಲಿ ಅವರು ತೀರಿಕೊಂಡರು. ೧೯೭೨ರಲ್ಲಿ ಹೊಣೆ ಹೊತ್ತ ಸತೀಶ ಧವನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಅವರು ಆ ಕೆಲಸವನ್ನು ಬಿಡಲು ಒಪ್ಪಲಿಲ್ಲ. ಹೀಗಾಗಿ ಬಾಹ್ಯಾಕಾಶದ ಕೇಂದ್ರ ಕಚೇರಿಯೇ ಬೆಂಗಳೂರಿಗೆ ಬಂತು. ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ, ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾಯರ ಕೈಕೆಳಗೆ, ೩೬೦ ಕಿಲೋಗ್ರಾಂ ತೂಕದ 'ಆರ್ಯಭಟ' ತಯಾರಾಗಿ ೧೯೭೫ರ ಏಪ್ರಿಲ್ ೧೯ರಂದು ರಷ್ಯದ ನೆಲದಿಂದ ಮೇಲೇರಿತು. ಎತ್ತಿನ ಗಾಡಿಯ ಮೇಲೆ ಉಪಗ್ರಹವಿರುವ ಚಿತ್ರವನ್ನು ನೋಡಿ ಕೆಲವರು ನಗುತ್ತಾರೆ. ಅದು ೧೯೮೧ರ 'ಆ್ಯಪಲ್' ಉಪಗ್ರಹ. ಲೋಹದ ಬಂಡಿಯಾದರೆ ಪರೀಕ್ಷೆಯಲ್ಲಿ ರೇಡಿಯೋ ಅಲೆಗಳಿಗೆ ಅಡ್ಡಿಯಾದೀತೆಂದು ಬೇಕೆಂದೇ ಮರದ ಗಾಡಿಯನ್ನು ತರಿಸಿದ್ದರು. ನಗುವವರು ಇದನ್ನು ತಿಳಿದು ನಗಲಿ.

ಮನುಷ್ಯನ ಸರದಿ ಬಂದದ್ದು ೧೯೮೪ರಲ್ಲಿ. ವಾಯುಪಡೆಯ ರಾಕೇಶ ಶರ್ಮರು ಏಪ್ರಿಲ್ ೨ರಂದು ರಷ್ಯನ್ನರ ಸೋಯುಜ್ ನೌಕೆಯಲ್ಲಿ ಹೊರಟು, ಏಳು ದಿನಗಳಿಗೂ ಮೀರಿ ಆಕಾಶದಲ್ಲಿದ್ದು ಕ್ಷೇಮವಾಗಿ ಇಳಿದರು. ಅದಕ್ಕೂ ಮುನ್ನ ಬೆಂಗಳೂರಿನ ವಾಯುಪಡೆಯ ವೈದ್ಯರು ಅವರನ್ನು ಒಂದು ಕೋಣೆಯಲ್ಲಿ ೭೨ ಗಂಟೆ ಕೂಡಿ ಹಾಕಿ, ಇಕ್ಕಟ್ಟಿನ ಭಯವಿದೆಯೋ ಎಂದು ನೋಡಿದ್ದರಂತೆ. ಮುಂಬಯಿಯ ಖೋಲಿಗಳಲ್ಲಿ ಬಾಳಿದವರು ಆ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತಿದ್ದರು. ಅವರ ಬುತ್ತಿ ಸಿದ್ಧವಾದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ. ಆದರೆ ರಾಕೆಟ್ಟೂ ನೌಕೆಯೂ ಪರರದು. ಮರಳಿ ತರುವ ಹೊಣೆಯೂ ಪರರದೇ.

ಇನ್ನೊಬ್ಬರ ಹೆಸರನ್ನು ಇಲ್ಲಿ ನೆನೆಯಬೇಕು. ಕರ್ನಾಟಕದವರೇ ಆದ ನಾಗಪತಿ ಚಿದಂಬರ ಭಟ್ಟರು ಇಸ್ರೋ ಸಂಸ್ಥೆಯ ಎಂಜಿನಿಯರು. ಅಮೆರಿಕದ ಷಟಲ್ ನೌಕೆಯಲ್ಲಿ ನಮ್ಮ ಇನ್‌ಸ್ಯಾಟ್ ಉಪಗ್ರಹದ ಜೊತೆಗೆ ೧೯೮೬ರಲ್ಲಿ ಹೋಗಲು ಅವರ ಆಯ್ಕೆಯಾಗಿತ್ತು. ಆ ವರ್ಷ ಜನವರಿ ೨೮ರಂದು ಚಾಲೆಂಜರ್ ನೌಕೆ ಹಾರಿದ ೭೩ ಸೆಕೆಂಡಿನಲ್ಲಿ ಒಡೆದು ಏಳು ಜನ ಮಡಿದರು. ಭಟ್ಟರ ಪ್ರಯಾಣ ರದ್ದಾಯಿತು. ಉಪಗ್ರಹ ಮಾತ್ರ ೧೯೮೮ರಲ್ಲಿ ಬೇರೆ ರಾಕೆಟ್ಟಿನಲ್ಲಿ ಹೋಯಿತು. ಚಾಲೆಂಜರ್ ಅಪಘಾತದ ಕಾರಣ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಚಳಿಗೆ ಸೆಡೆತುಕೊಂಡ ಒಂದು ರಬ್ಬರು ಉಂಗುರ; ಹಿಂದಿನ ರಾತ್ರಿಯೇ "ಬೇಡ" ಎಂದಿದ್ದ ಎಂಜಿನಿಯರುಗಳು; ಅವರ ಮಾತನ್ನು ಬದಿಗೆ ಸರಿಸಿದ ಮೇಲಧಿಕಾರಿಗಳು. ಕಡತದಲ್ಲಿ ಕೆಳಗಿನವನು ಬರೆದ ಟಿಪ್ಪಣಿಯ ಮೇಲೆ ಮೇಲಿನವರು ಗೀಟು ಎಳೆಯುವುದನ್ನು ದಿನವೂ ಕಾಣುವ ನನ್ನಂಥವನಿಗೆ ಇದು ದೂರದ ಸುದ್ದಿಯಾಗಿ ತೋರುವುದಿಲ್ಲ.

೨೦೦೩ರ ಫೆಬ್ರವರಿ ೧ರಂದು, ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಹದಿನಾರು ದಿನಗಳ ಯಾತ್ರೆ ಮುಗಿಸಿ, ನೆಲ ಮುಟ್ಟಲು ಕಾಲು ಗಂಟೆಯಷ್ಟೇ ಉಳಿದಿರುವಾಗ ಚೂರಾಯಿತು. ಹೊರಡುವಾಗ ಬಡಿದ ಒಂದು ತುಂಡು ನೊರೆಫಲಕ ಅದರ ರೆಕ್ಕೆಯ ಶಾಖಕವಚವನ್ನು ತೂತು ಮಾಡಿತ್ತು. ಹೋದದ್ದು ಸರಿಯಾಗಿಯೇ, ಬರುವುದು ಆಗಲಿಲ್ಲ.

ಭೂಮಿಯನ್ನು ಸುತ್ತುವ ನೌಕೆಯ ವೇಗ ಗಂಟೆಗೆ ಸುಮಾರು ೨೮,೦೦೦ ಕಿಲೋಮೀಟರು. ಮರಳುವಾಗ ಆ ವೇಗವನ್ನೆಲ್ಲ ಗಾಳಿಗೆ ಉಜ್ಜಿಯೇ ಕಳೆಯಬೇಕು; ಹಾಗೆ ಉಜ್ಜಿದಾಗ ಬರುವ ಕಾವಿಗೆ ಉಕ್ಕೂ ನಿಲ್ಲದು. ಅದಕ್ಕೇ ನಮ್ಮವರು ಮೊದಲು ಕಲಿತದ್ದು ಈ ಬರುವ ವಿದ್ಯೆಯನ್ನು. ೨೦೦೭ರ ಜನವರಿಯಲ್ಲಿ ಸುಮಾರು ೫೫೦ ಕಿಲೋಗ್ರಾಂ ತೂಕದ ಒಂದು ಪುಟ್ಟ ಪೆಟ್ಟಿಗೆಯನ್ನು ಮೇಲೆ ಕಳಿಸಿ, ಹನ್ನೆರಡು ದಿನ ಸುತ್ತಿಸಿ, ಬಂಗಾಳ ಕೊಲ್ಲಿಯಲ್ಲಿ ಇಳಿಸಿಕೊಂಡರು. ೨೦೧೪ರ ಡಿಸೆಂಬರಿನಲ್ಲಿ ಜನರು ಕೂರುವ ಕೋಶದ ಮಾದರಿಯನ್ನೇ ಮೇಲೊಯ್ದು ಅಂಡಮಾನಿನ ಕಡೆಯ ಕಡಲಿಗೆ ಇಳಿಸಿದರು. ೨೦೧೮ರ ಆಗಸ್ಟ್ ೧೫ರಂದು ಕೆಂಪುಕೋಟೆಯಿಂದ ಪ್ರಧಾನಿಗಳು ಗಗನಯಾನವನ್ನು ಸಾರುವ ಮೊದಲೇ ಇಷ್ಟು ನಡೆದಿತ್ತೆಂಬುದನ್ನು ಬಹಳ ಜನ ಅರಿಯರು. ಮರುವರ್ಷ ಬೆಂಗಳೂರಿನಲ್ಲಿ ಮಾನವ ಬಾಹ್ಯಾಕಾಶ ಯಾನ ಕೇಂದ್ರ ತೆರೆಯಿತು.

೨೦೨೩ರ ಅಕ್ಟೋಬರ್ ೨೧ರ ಬೆಳಿಗ್ಗೆಯನ್ನು ಟೀವಿಯಲ್ಲಿ ನೋಡಿದವರು ಮರೆತಿರಲಾರರು. ರಾಕೆಟ್ಟು ಮಧ್ಯದಲ್ಲಿ ಕೆಟ್ಟರೆ ಜನರಿರುವ ಕೋಶವನ್ನು ಕಿತ್ತು ದೂರ ಒಯ್ಯುವ ವ್ಯವಸ್ಥೆಯ ಪರೀಕ್ಷೆ ಅದು. ಎಣಿಕೆ ಇಳಿಯುತ್ತ ಇಳಿಯುತ್ತ ಐದು ಸೆಕೆಂಡಿಗೆ ಬಂದು ನಿಂತುಬಿಟ್ಟಿತು. ಏನೋ ಸರಿಯಿಲ್ಲವೆಂದು ಗಣಕಯಂತ್ರವೇ ತಡೆದಿತ್ತು. ದೇಶವೆಲ್ಲ ನೋಡುತ್ತಿರುವಾಗ ನಿಲ್ಲುವುದು ಸಣ್ಣ ಮಾತಲ್ಲ. ಅವರು ನಿಂತರು, ದೋಷವನ್ನು ಹುಡುಕಿದರು, ಸರಿಪಡಿಸಿದರು, ಹತ್ತು ಗಂಟೆಗೆ ಹಾರಿಸಿದರು. ಕೋಶ ಬೇರ್ಪಟ್ಟು, ಛತ್ರಿಗಳು ಬಿಚ್ಚಿ, ಶ್ರೀಹರಿಕೋಟೆಯ ಮುಂದಿನ ಸಮುದ್ರದಲ್ಲಿ ಇಳಿಯಿತು. ಆದರೆ ತಲೆಕೆಳಗಾಗಿ ತೇಲಿತು. ಒಳಗೆ ಜನ ಇದ್ದಿದ್ದರೆ? ಆ ಪ್ರಶ್ನೆಯೂ ಅಂದೇ ಕೆಲಸದ ಪಟ್ಟಿಗೆ ಸೇರಿತು.

ಛತ್ರಿಗಳದೇ ಒಂದು ಪುರಾಣ. ಒಟ್ಟು ಹತ್ತು, ಆಗ್ರಾದ ರಕ್ಷಣಾ ಸಂಶೋಧನಾಲಯದಲ್ಲಿ ರೂಪಗೊಂಡವು. ಎರಡು ಮೇಲಿನ ಮುಚ್ಚಳವನ್ನು ಕೀಳುತ್ತವೆ. ಎರಡು ವೇಗವನ್ನು ಹಿಡಿದು ಕೋಶದ ಓಲಾಟವನ್ನು ನಿಲ್ಲಿಸುತ್ತವೆ. ಮೂರು ಚಿಕ್ಕವು ಮೂರು ದೊಡ್ಡವನ್ನು ಹೊರಗೆಳೆಯುತ್ತವೆ. ದೊಡ್ಡವುಗಳಲ್ಲಿ ಎರಡು ಬಿಚ್ಚಿದರೂ ಜನ ಬದುಕುತ್ತಾರೆ. ಆದರೂ ಮೂರನೆಯದನ್ನು ಇಟ್ಟಿದ್ದಾರೆ. ೨೦೨೫ರ ಆಗಸ್ಟ್ ೨೪ರಂದು ಸುಮಾರು ಐದು ಟನ್ನಿನ ನಕಲಿ ಕೋಶವನ್ನು ಹೆಲಿಕಾಪ್ಟರಿನಿಂದ ಮೂರು ಕಿಲೋಮೀಟರು ಎತ್ತರದಿಂದ ಬೀಳಿಸಿ ಇವನ್ನು ಪರೀಕ್ಷಿಸಿದರು.

ಹೋಗುವವರು ಯಾರು? ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲ. ವಾಯುಪಡೆಯ ಈ ನಾಲ್ವರು ಪರೀಕ್ಷಾ ವೈಮಾನಿಕರ ಹೆಸರು ೨೦೨೪ರ ಫೆಬ್ರವರಿ ೨೭ರಂದು ಹೊರಬಿತ್ತು. ನಾಲ್ವರೂ ನಮ್ಮ ಪುಣೆಯ ಬಳಿಯ ಖಡಕವಾಸಲೆಯ ರಕ್ಷಣಾ ಅಕಾಡೆಮಿಯಲ್ಲಿ ಕಲಿತವರೆಂಬುದು ಇಲ್ಲಿಯವರಿಗೆ ಹೆಮ್ಮೆ. ರಷ್ಯದಲ್ಲಿ ವರ್ಷಕ್ಕೂ ಮಿಕ್ಕಿ ತರಬೇತಿ ಪಡೆದು, ಅನಂತರ ಬೆಂಗಳೂರಿನಲ್ಲಿ ಮುಂದುವರಿಸಿದರು. ಇವರಲ್ಲಿ ಶುಕ್ಲರು ೨೦೨೫ರ ಜೂನ್ ೨೫ರಂದು ಅಮೆರಿಕದ ನೌಕೆಯಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದರು. ಆ ಹಾರಾಟವೂ ಹಲವು ಸಲ ಮುಂದೆ ಹೋಗಿತ್ತು. ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುತ್ತಿರುವುದು ತಿಳಿದಾಗ, ಅದನ್ನು ಪೂರ್ತಿ ಸರಿಪಡಿಸದೆ ಹಾರಬಾರದೆಂದು ನಮ್ಮ ವಿಜ್ಞಾನಿಗಳು ಪಟ್ಟು ಹಿಡಿದರು. ನಿಲ್ದಾಣದಲ್ಲಿ ಶುಕ್ಲರು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಪ್ರಯೋಗಕ್ಕಾಗಿ ಹೆಸರುಕಾಳನ್ನೂ ಮೆಂತೆಯನ್ನೂ ಮೊಳೆಯಿಸಿದರು. ನಮ್ಮ ಅಡುಗೆಮನೆಯ ಡಬ್ಬಿಯ ಮೆಂತೆಕಾಳು, ತೂಕವೇ ಇಲ್ಲದ ಜಾಗದಲ್ಲಿ ಮೊಳಕೆಯೊಡೆದದ್ದು! ಜುಲೈ ೧೫ರಂದು ಅವರು ಕ್ಷೇಮವಾಗಿ ಕಡಲಿಗಿಳಿದರು.

ಖರ್ಚಿನ ಮಾತು ತೆಗೆಯುವವರೂ ಇದ್ದಾರೆ, ತೆಗೆಯಬೇಕಾದದ್ದೇ. ೨೦೧೮ರಲ್ಲಿ ಸುಮಾರು ೧೦,೦೦೦ ಕೋಟಿ ರೂಪಾಯಿಯೆಂದು ಒಪ್ಪಿದ್ದು, ಕೆಲಸ ಹಿಗ್ಗಿದಂತೆ ೨೦೨೪ರಲ್ಲಿ ೨೦,೧೯೩ ಕೋಟಿಗೆ ಏರಿತು. ದೊಡ್ಡ ಮೊತ್ತವೇ ಸರಿ. ಆದರೆ ಅದರೊಳಗೆ ಎರಡನೆಯ, ಮೂರನೆಯ ಛತ್ರಿಗೆ ಹೋದ ಹಣವನ್ನು ಯಾವ ಲೆಕ್ಕಪರಿಶೋಧಕನೂ ಆಕ್ಷೇಪಿಸಬಾರದೆಂದು ನನಗೆ ತೋರುತ್ತದೆ.

ಯೋಜನೆಯ ಪ್ರಕಾರ ಮೊದಲು ಜನರಿಲ್ಲದ ಹಾರಾಟಗಳು; ಅವುಗಳಲ್ಲಿ 'ವ್ಯೋಮಮಿತ್ರ' ಎಂಬ ಹೆಣ್ಣುರೂಪದ ಯಂತ್ರಮಾನವಿಯ ಸವಾರಿ. ಆಮೇಲೆ ಮನುಷ್ಯರು, ಮೂರು ದಿನಗಳ ಯಾತ್ರೆಗೆ. ಮನುಷ್ಯರಿರುವ ಮೊದಲ ಹಾರಾಟಕ್ಕೆ ೨೦೨೫ರಲ್ಲಿ ಸಂಸ್ಥೆ ಹೇಳಿದ ಗಡುವು ೨೦೨೭. ಅದು ಮುಂದೆ ಹೋದರೂ ಮಕ್ಕಳ ಎದುರು ಗೊಣಗದಿರೋಣ. ಶ್ರೀಹರಿಕೋಟೆಯಲ್ಲಿ ೨೦೧೯ರಲ್ಲಿ ಸಾರ್ವಜನಿಕರಿಗಾಗಿ ವೀಕ್ಷಣಾ ಅಂಗಣ ತೆರೆದಿದೆ. ಮೊದಲೇ ಹೆಸರು ನೋಂದಾಯಿಸಬೇಕು. ಚೆನ್ನೈಯಲ್ಲಿರುವ ನಮ್ಮ ಬಂಧುಗಳಿಗೆ ಅದು ಒಂದು ಬೆಳಗಿನ ಪ್ರಯಾಣ. ಉಳಿದವರು ಬೇಸಿಗೆ ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಬಾಹ್ಯಾಕಾಶ ವಿಭಾಗವನ್ನಾದರೂ ಮಕ್ಕಳಿಗೆ ತೋರಿಸಿಕೊಂಡು ಬರಬಹುದು.